ಕಳೆಯುವ ಲೆಕ್ಕ

ಡೊಂಬಿವಲಿ ಪೂರ್ವ, ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ.
ಶುಕ್ರವಾರ ಏಳೂಮುಕ್ಕಾಲಿಗೆ ಆಟ ಶುರು.
ಹದಿನಾಲ್ಕು ಹುಡುಗರು, ಒಬ್ಬ ದಂತವೈದ್ಯ, ಮತ್ತು ನಾನು,
ದಿವಾದಲ್ಲಿ ಗಾಡಿ ನಿಂತು ತಡವಾದವಳು,
ಚೀಲದಲ್ಲಿ ಖಾಲಿ ಡಬ್ಬಿ, ಅದರ ಪಕ್ಕ ಅರವತ್ತು ಎಲೆಗಳ ಕಟ್ಟು.

ಕಟ್ಟಳೆ ಸರಳ:
ಇಬ್ಬರಿಗೂ ಇಪ್ಪತ್ತಿಪ್ಪತ್ತು ಪ್ರಾಣ.
ಸೊನ್ನೆಗಿಳಿದವರು ಎದ್ದು ಕುರ್ಚಿ ಬಿಡಬೇಕು.
ಎಲ್ಲರೂ ಆ ಇಪ್ಪತ್ತನ್ನು ಕಾಯುತ್ತಾರೆ
ಒಲೆಯ ಮೇಲಿನ ಹಾಲು ಕಾದ ಹಾಗೆ.
ನಾನು ಖರ್ಚು ಮಾಡುತ್ತೇನೆ.

ಮೂರು ವಾರ ಹಿಡಿಯಿತು ಈ ಕಟ್ಟು ಕಟ್ಟಲು.
ಮೊದಲು ಗಾಯ ಮಾಯಿಸುವ ಎಲೆಗಳನ್ನು ತೆಗೆದೆ:
ಬಿಳಿ ಸೆರಗಿನ ದಾದಿ, ಬತ್ತದ ಒರತೆ,
ಸರದಿಗೊಂದು ಪ್ರಾಣ ಮರಳಿಸುವ ಮುದಿ ಆಮೆ.
ಆಮೆ ತೆಗೆಯಲು ಎರಡು ದಿನ ಕೈ ಬರಲಿಲ್ಲ.
ಕೊನೆಗೆ ಅದನ್ನು ಕೊಟ್ಟೇ
ಒಬ್ಬ ಹುಡುಗನಿಂದ ನೇಯುವ ಮುದುಕಿಯನ್ನು ತಂದೆ.

ನಾನು ಎಷ್ಟು ಕಳೆದಿದ್ದೇನೋ ಅಷ್ಟೇ ಅವಳ ಬಲ.
ನಾನು ಇಪ್ಪತ್ತಾಗಿರುವಾಗ ಅವಳು ಬರೀ ಚಿತ್ರ,
ನಾನು ಮೂರಾದಾಗ ಅವಳಿಗೆ ಹದಿನೇಳು ಕೈ.
ಉಳಿದವರು ಅವಳ ಚಾಕರಿಗೆ:
ಎರಡು ಪ್ರಾಣ ತೆತ್ತರೆ ಮೂರು ಎಲೆ ಕೊಡುವ ಸಾಹುಕಾರ,
ಸಾಕಿದವಳನ್ನೇ ಮೊದಲು ಕಚ್ಚಿ ಆಮೇಲೆ ಎದುರಾಳಿಗೆ ಹಾರುವ ನಾಯಿ,
ಸರದಿ ಬಂದಾಗಲೆಲ್ಲ ಒಂದು ಪ್ರಾಣ ಬಾಡಿಗೆ ಕೇಳುವ ಬಾಗಿಲು.
(ಮುಂಬಯಿಯಲ್ಲಿ ಇದಕ್ಕೆ ವಿವರಣೆ ಬೇಡ.)

ಹಗಲು ನಾನು ಫೋರ್ಟಿನ ವಿಮಾ ಕಚೇರಿಯಲ್ಲಿ, ಕ್ಲೇಮು ವಿಭಾಗ.
ಸತ್ತವರ ಹೆಸರಿನ ಮುಂದೆ ಮೊತ್ತ ಬರೆಯುತ್ತೇನೆ.
ಕುರ್ಲಾದ ಒಬ್ಬ ವೆಲ್ಡರ್: ಮೂರು ಲಕ್ಷ ನಲವತ್ತು ಸಾವಿರ.
ಕಂತು ತಪ್ಪಿಸಿದ್ದ ಅಂತ ಕಡತ ವಾಪಸು ಬಂತು.
ಅವನ ಹೆಂಡತಿ ಮೂರು ಸಲ ಬಂದಳು,
ಮೂರೂ ಸಲ ಅದೇ ಚೀಲ, ಒಳಗೆ ಅವನ ಕನ್ನಡಕ,
ಯಾರೂ ಕೇಳದಿದ್ದರೂ ತೆಗೆದು ಮೇಜಿನ ಮೇಲಿಟ್ಟಳು.

ವಡಾಳದ ಮುನಿಸಿಪಾಲಿಟಿ ಕನ್ನಡ ಶಾಲೆಯಲ್ಲಿ
ಸುಗಂಧಿ ಟೀಚರು ಹೇಳುತ್ತಿದ್ದರು:
"ಕೂಡುವಾಗ ಓಡಿದರೂ ನಡೆದೀತು, ಕಳೆಯುವಾಗ ಕೂತು ಕಳೆಯಿರಿ.
ಪಕ್ಕದ ಮನೆಯಿಂದ ಹತ್ತು ತಂದರೆ, ತಂದದ್ದು ನೆನಪಿರಲಿ."
ನನಗೆ ನೆನಪಿರುತ್ತಿರಲಿಲ್ಲ.
ಅಮ್ಮನಿಗೆ ಗೊತ್ತಿರುವ ಕಳೆ ಬೇರೆ:
"ಮುಖದಲ್ಲಿ ಕಳೆಯೇ ಇಲ್ಲವಲ್ಲೇ" ಅಂತಾಳೆ,
ಶನಿವಾರ ಬೆಳಿಗ್ಗೆ ಮಾತ್ರ ಅನ್ನುವುದಿಲ್ಲ.

ಇವತ್ತು ಎದುರಿಗೆ ಅದೇ ಹುಡುಗ,
ಓಜಸ್ ಕರಂದೀಕರ, ಏಳನೇ ತರಗತಿ,
ಕುತ್ತಿಗೆಯಲ್ಲಿ ಇನ್ನೂ ಶಾಲೆಯ ಟೈ.
ನಾನು ಹದಿನೆಂಟು, ಹದಿನೈದು, ಹನ್ನೊಂದು.
ಅವನು ನನ್ನನ್ನು ಮುಟ್ಟಿಯೂ ಇಲ್ಲ.
"ಮಾವ್‌ಶಿ, ನಿಮಗೆ ಆಟ ಬರುತ್ತಾ?" ಅಂದ
ಮರಾಠಿಯಲ್ಲಿ, ತುಂಬ ಮರ್ಯಾದೆಯಿಂದ.
ಬರುತ್ತೆ, ಅಂದೆ. ಒಂಬತ್ತು.

ಆಗ ಅವನಿಗೆ ಪಾಪ ಅನ್ನಿಸಿತು.
ಎತ್ತಿದ ಏಟನ್ನು ಇಳಿಸಿಬಿಟ್ಟ.
ಕತ್ತಿಗೆ ಲೆಕ್ಕವಿತ್ತು, ಬೆಂಕಿಗೆ, ವಿಷಕ್ಕೆ ಲೆಕ್ಕವಿತ್ತು,
ಕರುಣೆಗೆ ಇಡೀ ಅರವತ್ತರಲ್ಲಿ ಒಂದು ಎಲೆ ಇರಲಿಲ್ಲ.
ಹೊಡಿ, ಅಂದೆ. ತಲೆ ಅಲ್ಲಾಡಿಸಿದ.
ಅವನ ಕಡೆ ಆಮೆ, ನನ್ನದೇ ಆಮೆ,
ಸದ್ದಿಲ್ಲದೆ ಅವನಿಗೆ ಒಂದೊಂದೇ ಕೂಡಿಸುತ್ತಿತ್ತು.

ನಾನೇ ನನ್ನನ್ನು ಕಡಿದುಕೊಂಡು ಮೂರಕ್ಕೆ ಬಂದೆ.
ಮುದುಕಿ ಹದಿನೇಳು. ಅವನು ಹದಿನೆಂಟು.
ಸಾಹುಕಾರನಿಗೆ ಎರಡು ತೆತ್ತೆ:
ನಾನು ಒಂದು, ಮುದುಕಿ ಹತ್ತೊಂಬತ್ತು. ಹೋಗು, ಅಂದೆ.
ಅವನು ಬಹಳ ಹೊತ್ತು ನೋಡಿ,
ಉಗುರು ಕಚ್ಚಿ,
ಆಮೆಯನ್ನು ಅಡ್ಡ ಇಟ್ಟ.

ಆಮೆ ಹೋಯಿತು.
ಅವನ ಸರದಿಯಲ್ಲಿ ಅವನು ಏನೂ ಮಾಡಲಿಲ್ಲ.
ನನ್ನ ಸರದಿ ಬಂತು, ಬಾಗಿಲು ಬಾಡಿಗೆ ಕೇಳಿತು.

ಎದ್ದು ಕುರ್ಚಿ ಬಿಟ್ಟೆ.
ಅವನು ಆಮೆಯನ್ನು ಅಂಗಿಗೆ ಒರೆಸಿ ನನ್ನ ಕಡೆ ಚಾಚಿದ:
"ಒಂದಾದರೂ ಇಟ್ಟುಕೊಳ್ಳಿ."
ಬೇಡಪ್ಪ. ಮುಂದಿನ ವಾರ ಹೊಡೀಬೇಕು, ಗೊತ್ತಾಯ್ತಾ?
ಹ್ಞೂಂ ಅಂದ,
ಹೋಮ್‌ವರ್ಕಿಗೆ ಒಪ್ಪಿಕೊಂಡವನ ಹಾಗೆ.