ಅಂಪೈರುಗಳ ಬಿಡುವು

ನಾಪೋಕ್ಲಿನ ಹೈಸ್ಕೂಲು ಮೈದಾನ, ಬದಿಗೊಂದು ತಗಡಿನ ಶೆಡ್ಡು.
ಲ್ಯಾಪ್‌ಟಾಪಿನಲ್ಲಿ ಹನ್ನೊಂದು ಅಂಪೈರುಗಳು,
ಹನ್ನೊಂದು ಹಸಿರು ಪಟ್ಟಿ.

ಬೆಳ್ಯಪ್ಪನ ಮೇಲೆ ನಾಲ್ಕನೇ ಪಂದ್ಯ ಎಳೆದು ಬಿಟ್ಟೆ.
ಕೆಂಪಾಯಿತು: ಶೇಕಡಾ ನೂರಿಪ್ಪತ್ತು.
ಅವನ ಮಂಡಿಗೆ ಇದು ಮೊದಲೇ ಗೊತ್ತಿತ್ತು.

ಪೊನ್ನವ್ವ ಚಹಾ ಇಟ್ಟವಳು ಬಗ್ಗಿ ನೋಡಿ ಅಂದಳು:
ಇವನಿಗೆ ಆ ಒಕ್ಕ ತಾಯಿಮನೆ,
ಅವನಿಗೆ ಹೆಣ್ಣು ಕೊಟ್ಟ ಮನೆ,
ಕುಟ್ಟಪ್ಪನೋ, ಅವರ ಜೊತೆ ಗದ್ದೆ ವ್ಯಾಜ್ಯ
ಇನ್ನೂ ಮುಗಿದಿಲ್ಲ.

ಹೊಸ ಕಾಲಮ್ಮು ತೆರೆದು 'ನಂಟು' ಎಂದು ಬರೆದೆ.
ಒಂದೊಂದೇ ಹೆಸರು ಬೂದಿ ಬಣ್ಣಕ್ಕೆ ತಿರುಗಿ
ಹನ್ನೊಂದೂ ಹೋದವು.
ಬೇರೆ ಸಿಬ್ಬಂದಿ ಸೇರಿಸುವಿರಾ, ಎಂದಿತು ತಂತ್ರಾಂಶ.
ಎಲ್ಲಿಂದ?
ಇಡೀ ನಾಡೇ ಒಂದು ಮದುವೆಮನೆ.

ಹೊರಗೆ ಬೆಳ್ಯಪ್ಪ ಶೂ ದಾರ ಬಿಗಿದು,
ಸೀಟಿಯನ್ನು ಅಂಗಿತೋಳಿಗೆ ಒರೆಸಿಕೊಂಡು
ಒಳಗಿಳಿದ.
ಮೂರನೇ ನಿಮಿಷಕ್ಕೆ
ಸ್ವಂತ ಅಳಿಯನಿಗೆ ಹಸಿರು ಕಾರ್ಡು.