ತೂಕದ ಚೀಟಿ

ಸಿದ್ದಾಪುರದ ಕಾಫಿ ಗೋಡೌನಿನಲ್ಲಿ
ಹಂಸ ಮೂಟೆ ತೂಗುತ್ತಿದ್ದ, ನಾನು ಬರೆಯುತ್ತಿದ್ದೆ.
ತೊಂಬತ್ತೆಂಟರಲ್ಲಿ, ಚೀಟಿಯ ಬೆನ್ನಿಗೆ, ಅವನ ಮೊದಲ ರ‍್ಯಾಪ್:
‘ತೂಕದ ಮುಳ್ಳೇ,
ಬೇಕಾದವರತ್ತ ವಾಲ್ತೀಯ,
ಸಾಕು ಅನ್ನೋ ಮೊದಲೇ ಎರಡು ಕೆಜಿ ನುಂಗ್ತೀಯ.’
ಸಾಹುಕಾರರು ಓದಿದರು. ಕೆಲಸ ಹೋಯಿತು.

ಗೋಣಿಕೊಪ್ಪದ ವೇದಿಕೆಯಲ್ಲಿ
ಮೂರನೇ ಸಾಲಿಗೇ ಮೈಕ್ ಕಿತ್ತರು.
ಎದೆ ಬಡಿದು ತಾಳ ಹಾಕುತ್ತ
ಮುಗಿಸಿಯೇ ಇಳಿದ.

ಈಗವನಿಗೆ ಐವತ್ತೊಂದು. ಮಡಿಕೇರಿಯ ಹುಡುಗರು
ಫೋನು ಹಿಡಿದು ಬರುತ್ತಾರೆ: ‘ಗುರುವೇ, ಪ್ರಾಸ?’
‘ಸಾಲಿನ ಬಾಲದಲ್ಲಿ ತಡಕಾಡಬೇಡಿ,
ಎರಡನೇ ಅಕ್ಷರದಲ್ಲಿ ಬಚ್ಚಿಟ್ಟಿದ್ದಾರೆ ಹಳಬರು.’

ನಿನ್ನೆ ಕೇಳಿದೆ ಅವನ ಏಳನೇ ಆಲ್ಬಮ್ಮು.
ಎಲ್ಲೋ ನಡುವೆ, ತಾಳದ ಕೆಳಗೆ,
ನಮ್ಮ ಹಳೇ ತಕ್ಕಡಿಯ ಕಿರಕಿರ.

ಆ ಎರಡು ಕೆಜಿ
ಕಡಿಮೆ ಬರೆದವನು ನಾನೇ.
ಹೆಸರು ಹೇಳಿಲ್ಲ ಅವನು,
ಇವತ್ತಿಗೂ.