ಅಡ್ಡಹೆಸರು

ಅಕ್ಷರಕ್ಕೆ ಇಷ್ಟು ಎಂದು ನನ್ನ ದರ.
ಒತ್ತಿಗೆ ಬೇರೆ ರೊಕ್ಕ ಹಿಡಿಯುವುದಿಲ್ಲ, ದೀರ್ಘಕ್ಕೂ ಇಲ್ಲ.
ಶಹಾಬಾದ ಕಲ್ಲು ನನ್ನದೇ, ಸಾಗಣೆ ನಿಮ್ಮದು.
ವಾಡಿ ಚರ್ಚಿನ ಹಿಂದಿನ ಗೋರಿಗಳಿಗೆ
ಈ ಕೈಯಿಂದ ಹೋದವು ಹನ್ನೊಂದು.

ಹನ್ನೆರಡನೆಯದಕ್ಕೆ ಎಸ್ತೆಲ್ಲಾ ಬಾಯಿ ಬಂದರು,
ಕ್ಯಾರಿಬ್ಯಾಗಿನಲ್ಲಿ ಅಪ್ಪನ ಕಾಗದಪತ್ರ.
ರೈಲ್ವೆ ಪಾಸಿನಲ್ಲಿ ಪರೇರ.
ಪಿಂಚಣಿ ಪುಸ್ತಕದಲ್ಲಿ ಪಿರೇರಾ.
ಮತದಾರರ ಪಟ್ಟಿಯಲ್ಲಿ, ಯಾವ ಪುಣ್ಯಾತ್ಮನೋ, ಪೇರಲಾ.
‘ಯಾವುದು ಕೆತ್ತಲಿ ಬಾಯಾರ?’
ಮೂಲೆ ಮುರಿದು ಮಾರಾಟವಾಗದ ಫರಸಿಯ ಮೇಲೆ ಕುಂತರು.
ಚಹಾ ಹೇಳಿದೆ.

‘ಅದೊಂದು ಗಿಡರೀ.
ಸಮುದ್ರದಾಚಿ ಪೋರ್ತುಗಾಲದಾಗ
ನಾಸಪಾತಿ ಗಿಡಕ್ಕ ಹಂಗಂತಾರ.
ಗಿಡದ ಬಾಜೂಕ ಇದ್ದ ಮನಿಯವರು ಗಿಡದವರಾದ್ರು.
ಆಮ್ಯಾಲ ಗಿಡ ಹಡಗ ಹತ್ತಿತು.
ಬ್ರೆಜಿಲದಾಗ ಇಳೀತು, ಅಲ್ಲೇ ಬೇರು ಬಿಡ್ತು.
ಅರ್ಜೆಂಟೀನಾಕ್ಕ ಹೋದವರು
ಸ್ಪೇನದವರ ಲೇಖಣಿ ಕೈಗೆ ಸಿಕ್ಕು ಬ್ಯಾರೆ ಕಾಗುಣಿತ ಕಲಿತ್ರು.
ಲಂಕಾಕ್ಕ ಹೋದದ್ದರ ನಡುವಿನ ಒಂದು ಸ್ವರ
ದಾರಿಯಾಗ ನೀರಿಗೆ ಬಿತ್ತು ನೋಡ್ರಿ, ಯಾರೂ ಹುಡುಕಲಿಲ್ಲ.’

‘ನಿಮಗ ಹೆಂಗ ಬಂತ್ರಿ?’
‘ಗೋವಾದಾಗ, ಅಜ್ಜನ ಅಜ್ಜನ ಯಾವನೋ ಅಜ್ಜ
ತಲಿ ಬಗ್ಗಿಸಿ ನೀರು ಹಾಕಿಸಿಕೊಂಡ.
ಪಾದ್ರಿ ತನ್ನದ ಕೊಟ್ಟನೋ,
ಅವತ್ತಿನ ಸಾಲಿಗೆಲ್ಲ ಒಂದ ಹೆಸರು ಹಂಚಿದನೋ.’
‘ಅದಕ್ಕೂ ಮದಲ?’
ಬಸಿಯಲ್ಲಿ ಚಹಾ ಆರುತ್ತಿತ್ತು.
ಸಿಮೆಂಟಿನ ಗೂಡ್ಸು ಒಂದು ಉದ್ದಕ್ಕೆ ಹಾದುಹೋಯಿತು,
ಅದರ ಕೊನೆಯ ಡಬ್ಬಿ ದಾಟುವತನಕ
ಬಾಯಿ ಏನೂ ಹೇಳಲಿಲ್ಲ.
ದಾಟಿದ ಮೇಲೆ ಬೇರೆ ಮಾತು ತೆಗೆದರು:
ಅವರಜ್ಜ ಇಂಜಿನ್ನಿಗೆ ಇದ್ದಲು ಎಸೆಯುತ್ತ ಎಸೆಯುತ್ತ
ವಾಡಿ ಮುಟ್ಟಿದ್ದು, ಬಿಸಿಲು ನೋಡಿ ಅತ್ತದ್ದು.

‘ಆ ನಾಸಪಾತಿ ಗಿಡ ಹೆಂಗಿರತದರೀ?’
‘ನಾ ನೋಡಿಲ್ಲ. ಅಪ್ಪನೂ ನೋಡಿರಲಿಲ್ಲ.
ಕ್ವಾರ್ಟರ್ಸ್ ಹಿಂದ ಪೇರಲ ಹಚ್ಚಿದ್ದ, ಅಷ್ಟ.’

ಗೊತ್ತು. ನಾನೂ ಕದ್ದಿದ್ದೇನೆ.
ಕ್ಯಾಬಿನ್ನಿನ ಇನಾಸ್ ಸಾಹೇಬರು,
ನಾವು ಕರೆಯುತ್ತಿದ್ದುದು ಪೇರಲ ಸಾಹೇಬ.
ಗೋಡೆ ಮೇಲೆ ಸಿಕ್ಕಿಬಿದ್ದರೆ ಬೈಯದೆ
ಉಪ್ಪು ಖಾರ ತಂದು ಕೊಡುವರು:
‘ತಿನ್ರೋ, ಇದೂ ನಾನೂ ಒಂದ ವಂಶ.’
ಚ್ಯಾಷ್ಟಿ ಅಂದುಕೊಂಡಿದ್ದೆ.
ಅಲ್ಲವಂತೆ. ಬಾಯಿ ಹೇಳಿದರು:
ಪೇರಲ ಅನ್ನುವುದೂ ಅದೇ ಹಡಗಿನಿಂದ ಇಳಿದ ಮಾತು,
ಮನೆ ನೆನಪಾದ ಯಾವನೋ ಖಲಾಸಿ
ಸಿಕ್ಕ ಹಣ್ಣಿಗೆ ಸಿಗದ ಹಣ್ಣಿನ ಹೆಸರು ಇಟ್ಟಿರಬೇಕು.

ನನ್ನದು ಹುಣಸಗಿಡದ. ಮೈಲಾರಿ ಹುಣಸಗಿಡದ.
ಸಾಲಿಗೆ ಹಚ್ಚಿದ ದಿನ ಮಾಸ್ತರು ಅಡ್ಡಹೆಸರು ಕೇಳಿದರು.
ಅಪ್ಪ ತಲೆ ತುರಿಸಿದ. ಒಡ್ಡರಿಗೆ ಕಲ್ಲಿದ್ದವು, ಹೆಸರಿರಲಿಲ್ಲ.
ಮಾಸ್ತರು ಕಿಟಕಿಯಾಚೆ ನೋಡಿ
ಬರೆದುಕೊಂಡು ಮುಂದಿನ ಹುಡುಗನನ್ನು ಕರೆದರು.
ರಸ್ತೆ ಅಗಲ ಮಾಡಿದಾಗ ಆ ಗಿಡ ಹೋಯಿತು.
ಈಗ ನನ್ನ ಮೊಮ್ಮಗಳ ಆಧಾರಿನಲ್ಲಿದೆ.

‘ಇಂಗ್ಲಿಷಿನಾಗ ಏಳು ಅಕ್ಷರ, ಕನ್ನಡದಾಗ ಮೂರು.’
‘ಮೂರ ಹಾಕ್ರಿ. ಸೋವಿ ಬಿತ್ತು.’
ಕಣ್ಣೊರೆಸಿಕೊಂಡು ನಕ್ಕರು.

ಪೆ.
ಉಳಿ ಹಿಡಿದರೆ ನಾನು ಮಾತಾಡುವುದಿಲ್ಲ,
ಈ ಕಲ್ಲು ಪದರು ಪದರು,
ಸಿಟ್ಟಿಗೆದ್ದರೆ ಇಡೀ ಹೆಸರು ಚಕ್ಕಳವಾಗಿ ಏಳುತ್ತದೆ.
ರೇ.
ಅದರ ದೀರ್ಘಕ್ಕೆ ಬಂದಾಗ ಬಾಯಿ ಅಂದರು:
‘ಕೆಳಗ ಜಾಗಾ ಬಿಡ್ರಿ. ನಂದೂ ಇದರ ಮ್ಯಾಲೇ ಬರಲಿ.
ಇಲ್ಲಿ ನಮ್ಮವರಂತ ಇನ್ಯಾರೂ ಇಲ್ಲ.’
‘ದರ ಆವಾಗ ಏರಿರತದ ಬಾಯಾರ.’
‘ಏರ್ಲಿ. ಎಸ್ತೆಲ್ಲಾ ಅಂತ ಅಷ್ಟ ಕೆತ್ತಿದ್ರ ಸಾಕು.
ಅಡ್ಡಹೆಸರು ಮ್ಯಾಲ ಅದಲ್ಲ,
ಎರಡ ಸಲ ಯಾಕ ರೊಕ್ಕ?’

ನಾಲ್ಕು ಬೆರಳು ಬಿಟ್ಟು ಗೀಟು ಹಾಕಿದೆ.
ರಾ ಇನ್ನೂ ಬಾಕಿಯಿತ್ತು.